ಟೈರಿನ ಗಾಣ

ಕಳೆದ ತಿಂಗಳು ಸೇಡಂನಿಂದ ಇಬ್ಬರು ಎಳೆಯ ವಕೀಲರು ನನ್ನ ಮನೆ ಹುಡುಕಿಕೊಂಡು ಬಂದರು. ಅವರ ಬಾರ್ ರೂಮಿನಲ್ಲಿ ಹಳೆಯ ವಕೀಲರೊಬ್ಬರ ಫೋಟೋ ತೂಗು ಹಾಕುತ್ತಾರಂತೆ. ಫೋಟೋದ ಕೆಳಗೆ ಬರೆಸುವ ಸಾಲನ್ನೂ ತಂದಿದ್ದರು: ‘ಎಂದೂ ಇನ್ನೊಬ್ಬರ ಹಂಗಿಗೆ ಬೀಳದ ಸ್ವಾಭಿಮಾನಿ.’

“ನೀವು ಅವರ ಗ್ವಾಡಿಗೆ ಗ್ವಾಡಿ ಹಚ್ಚಿ ಭಾಳ ವರ್ಷ ಇದ್ದೋರಂತಲ್ರಿ, ಅಕ್ಕೋರೆ. ನಾಕು ಛಲೋ ಮಾತು ಬರದು ಕೊಡ್ರಿ” ಅಂದರು.

ಚಹಾ ಕುಡಿಸಿ ಕಳಿಸಿದೆ. ಆಮೇಲೆ ಕೂತು ಛಲೋ ಮಾತುಗಳನ್ನು ಹುಡುಕಿದೆ. ಕಾಯ್ದೆ ಚೆನ್ನಾಗಿ ಬಲ್ಲವರು. ಉರ್ದು ಅಕ್ಷರ ಬಲು ಚಂದ. ಕೋರ್ಟಿಗೆ ಒಂದು ದಿನವೂ ತಡವಾಗಿ ಹೋದವರಲ್ಲ. ಇಷ್ಟಕ್ಕೆ ನನ್ನ ಗಂಟು ಖಾಲಿಯಾಯಿತು. ಉಳಿದದ್ದು ಈ ಕೆಳಗಿನದು. ಬೇಕಾದರೆ ಇದನ್ನೂ ಕಟ್ಟು ಹಾಕಿಸಿ ಫೋಟೋದ ಪಕ್ಕದಲ್ಲಿ ಹಾಕಿಕೊಳ್ಳಲಿ. ಈಗ ಹೇಳಿದರೆ ಯಾರಿಗೂ ತೊಂದರೆಯಿಲ್ಲ. ಅವರು ಹೋಗಿ ವರ್ಷಗಳಾದವು, ಅವರ ಮಗಳು ಕಸ್ತೂರಿಯೂ ಹೋದ ವರ್ಷ ತೀರಿಕೊಂಡಳು.

ಸೇಡಂ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಅಲ್ಲಿನ ಹುಡುಗಿಯರ ಶಾಲೆಗೆ ಟೀಚರಾಗಿ ಹೋದೆ. ಬಾಡಿಗೆಗೆ ಸಿಕ್ಕ ಮನೆಯ ಕಿಟಕಿ ವಕೀಲರ ಅಂಗಳಕ್ಕೆ ತೆರೆಯುತ್ತಿತ್ತು. ಅವರು ಎತ್ತರದ ಆಳು. ಇಸ್ತ್ರಿ ಮಾಡಿದ ಧೋತರ, ಕರಿ ಕೋಟು, ಕಿವಿಯಲ್ಲಿ ಅತ್ತರಿನ ಹತ್ತಿ. ಎಂದೂ ಗಟ್ಟಿ ದನಿಯಲ್ಲಿ ಮಾತಾಡುತ್ತಿರಲಿಲ್ಲ. ಕೈಗಳು ಎಷ್ಟು ಸ್ವಚ್ಛವೆಂದರೆ ಉಗುರಿನ ಸಂದಿಯಲ್ಲಿ ಒಂದು ಕರಿ ಗೆರೆ ನೋಡಿದವರಿಲ್ಲ. ಈ ಕೈಗಳ ವಿಷಯ ನೆನಪಿಡಿ. ಯಾಕೆಂದರೆ ವಕೀಲರು ತಮ್ಮ ಕಾರಿನ ಟೈರನ್ನು ಮನೆಯಲ್ಲೇ ಬದಲಿಸುತ್ತಾರೆ, ಯಾರನ್ನೂ ಅವಲಂಬಿಸುವುದಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು.

ಕಾರು ಹೈದರಾಬಾದಿನ ಯಾವನೋ ಜಾಗೀರದಾರನ ಮನೆಯಿಂದ ಕೊಂಡ ಹಳೆಯ ಕರಿ ಕಾರು. ಮೊದಮೊದಲು ಅದರ ಪಂಚರನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಒಬ್ಬ ಬಡಪಾಯಿ ತೆಗೆಯುತ್ತಿದ್ದ. ಒಮ್ಮೆ ಅವನು ಹೊಸ ಟ್ಯೂಬು ಇಟ್ಟುಕೊಂಡು ಹಳೆಯದು ಹಾಕಿಕೊಟ್ಟನೆಂದು ಇವರಿಗೆ ಸಂಶಯ ಬಂತು. ಕಳವಿನ ಕೇಸು ಹಾಕಿಸಿದರು. ಅವನು ಒಳಗೆ ಹೋದ, ಅಂಗಡಿ ಮುಚ್ಚಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಕೆಲವು ದಿನಗಳ ಮೇಲೆ ಕಾರಿನ ಡಿಕ್ಕಿಯಲ್ಲಿ, ಗೋಣಿಚೀಲದ ಕೆಳಗೆ, ಹೊಸ ಟ್ಯೂಬು ಸಿಕ್ಕಿತು. ನಾನು ಆಗ ಅವರ ಅಂಗಳದಲ್ಲೇ ಇದ್ದೆ. ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇವತ್ತಲ್ಲ ನಾಳಿ ಕದೀತಿದ್ದ ಬಿಡ್ರಿ” ಅಂದು ಒಳಗೆ ಹೋದರು.

ಅಲ್ಲಿಂದ ತಮ್ಮ ಗಾಲಿಗೆ ಹೊರಗಿನವರ ಕೈ ಹತ್ತಕೂಡದು ಎಂದು ತೀರ್ಮಾನವಾಯಿತು. ವಾಡಿಯಲ್ಲಿ ರೈಲ್ವೆಯ ಒಬ್ಬ ಫಿಟ್ಟರನಿಂದ ಟೈರು ಬಿಚ್ಚುವ ಯಂತ್ರ ಮಾಡಿಸಿದರು. ಯಂತ್ರವೆಂದರೆ ದೊಡ್ಡದೇನಲ್ಲ. ಸೊಂಟದೆತ್ತರದ ಒಂದು ಕಬ್ಬಿಣದ ಕಂಬ, ಅದರ ಬುಡಕ್ಕೆ ಗಾಲಿ ಮಲಗಿಸಲು ಒಂದು ಬಳೆ, ಗಾಲಿ ತಿರುಗದಂತೆ ಹಿಡಿಯಲು ಒಂದು ಗೂಟ. ಆಮೇಲೆ ಆಳುದ್ದದ ಒಂದು ಹಾರೆ. ಅಂಗಳದ ಶಹಾಬಾದ ಫರ್ಸಿ ಕಲ್ಲಿಗೆ ತೂತು ಹೊಡೆಸಿ, ಕಂಬ ನಿಲ್ಲಿಸಿ, ಸುತ್ತ ಸೀಸ ಕಾಯಿಸಿ ಹೊಯ್ಯಿಸಿದರು. ಗಾಳಿ ಬಿಟ್ಟ ಗಾಲಿಯನ್ನು ಮಲಗಿಸಿ, ಟೈರಿನ ಅಂಚನ್ನು ಒತ್ತಿ ಕೆಳಗಿಳಿಸಿ, ಜಾರಲೆಂದು ಸಾಬೂನಿನ ನೀರು ಸವರಿ, ಅದರೊಳಗೆ ಹಾರೆಯ ತುದಿ ತೂರಿಸಿ, ಕಂಬದ ಸುತ್ತ ನಡೆಯಬೇಕು. ನಡೆದಂತೆ ಟೈರು ಡಿಸ್ಕಿನಿಂದ, ಅಂದರೆ ಗಾಲಿಯ ಕಬ್ಬಿಣದ ಚಕ್ರದಿಂದ, ಮೇಲೇಳುತ್ತದೆ. ಓಣಿಯ ಹೆಂಗಸರು ಅದಕ್ಕೆ ಗಾಣ ಎಂದು ಹೆಸರಿಟ್ಟರು.

ಗಾಣ ಸುತ್ತುವವರು ವಕೀಲರಲ್ಲ. ಅವರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಹೇಗೆ ಸುತ್ತಬೇಕೆಂದು ಹೇಳುತ್ತಿದ್ದರು. ಮೊದಲು ಸುತ್ತಿದವಳು ಅವರ ಹೆಂಡತಿ. ಬಡಕಲು ಹೆಂಗಸು, ಹಾರೆಯ ತೂಕವೇ ಅವಳಿಗೆ ಹೆಚ್ಚು. ಒಂದು ದಿನ ಹಾರೆ ಜಾರಿ ಚಿಮ್ಮಿ ಅವಳ ದವಡೆಗೆ ಬಡಿಯಿತು. ಅವಳು ಫರ್ಸಿಯ ಮೇಲೆ ಕೂತು ರಕ್ತ ಉಗುಳುತ್ತಿದ್ದರೆ ಇವರು ಎದ್ದು ಬಂದು ಡಿಸ್ಕಿನ ಅಂಚಿಗೆ ಗೀರು ಬಿದ್ದಿದೆಯೇ ಎಂದು ಬಗ್ಗಿ ನೋಡಿದರು. ಬಿದ್ದಿರಲಿಲ್ಲ.

“ಬಾಯಿ ತೊಳ್ಕೋ. ಎಷ್ಟ್ ಸಲ ಹೇಳೀನಿ, ಅವಸರ ಮಾಡಿದ್ರ ಟ್ಯೂಬ್ ಕಚ್ಚತದ” ಅಂದರು.

ಇದು ಅವರ ಖಾಯಂ ಮಾತು. ಅವಸರದಲ್ಲಿ ಹಾರೆ ಹಾಕಿದರೆ ಅದರ ತುದಿ ಒಳಗಿನ ಟ್ಯೂಬನ್ನು ಕಚ್ಚಿ ಹರಿಯುತ್ತದೆ ಎನ್ನುವುದು ನಿಜವೇ. ಆದರೆ ಬಾಯಿಂದ ರಕ್ತ ಸುರಿಯುವವಳಿಗೆ ಹೇಳುವ ಮಾತು ಅದಲ್ಲ. ಮುಂದೆ ಕಾಮಾಲೆಯಾಗಿ ಆ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಬಂದ ವಾರದಲ್ಲೇ ಹಾರೆ ಕಸ್ತೂರಿಯ ಕೈಗೆ ಬಂತು. ಆಗ ಅವಳು ನನ್ನ ಶಾಲೆಯ ಮೇಲಿನ ತರಗತಿಯಲ್ಲಿದ್ದಳು. ಆ ವರ್ಷವೇ ಶಾಲೆ ಬಿಡಿಸಿದರು.

ಟೈರು ಕೆಟ್ಟಾಗ ಮಾತ್ರ ಗಾಣ ತಿರುಗುತ್ತಿತ್ತು ಎಂದುಕೊಳ್ಳಬೇಡಿ. ಕೋರ್ಟಿನಲ್ಲಿ ಕೇಸು ಸೋತ ದಿನ ವಕೀಲರು ಮನೆಗೆ ಬಂದು ಕೋಟು ಕಳಚುವ ಮೊದಲೇ ಒಂದು ಗಾಲಿ ಬಿಚ್ಚಿಸುತ್ತಿದ್ದರು. ಅದಕ್ಕೆ ಏನೂ ಆಗಿರುತ್ತಿರಲಿಲ್ಲ. ಟ್ಯೂಬು ನೀರಲ್ಲಿ ಅದ್ದಿ ನೋಡು, ಡಿಸ್ಕಿನ ತುಕ್ಕು ತಂತಿ ಬ್ರಶ್ಶಿನಿಂದ ತಿಕ್ಕು, ಟೈರಿನೊಳಗೆ ಪೌಡರು ಹೊಡೆ, ಮತ್ತೆ ಕೂಡಿಸು. ಹಾರೆ ಕಿರುಗುಟ್ಟುವ ಸದ್ದು ಕೇಳಿದರೆ ಸಾಕು, ಕುರಕುಂಟಾದಿಂದ ಬಂದು ಕಟ್ಟೆಯ ಮೇಲೆ ಕಾಯುತ್ತಿದ್ದ ಕಕ್ಷಿದಾರರು ತಮ್ಮ ತಮ್ಮ ಗಂಟು ಎತ್ತಿಕೊಂಡು ನಾಳೆ ಬಂದರಾಯಿತು ಎಂದು ಹೋಗಿಬಿಡುತ್ತಿದ್ದರು.

ಇನ್ನು ಆ ಸ್ವಾಭಿಮಾನದ ಕಥೆ. ಊರವರು ಅದನ್ನು ಉರ್ದುವಿನಲ್ಲಿ ‘ಖುದ್ದಾರಿ’ ಎನ್ನುತ್ತಿದ್ದರು. ಒಮ್ಮೆ ಬಿರುಬಿಸಿಲಿನಲ್ಲಿ ಚಿತ್ತಾಪುರದ ರಸ್ತೆಯಲ್ಲಿ ಕಾರು ನಿಂತಿತು. ಗಾಲಿ ಪಂಚರು, ಜತೆಯಲ್ಲಿದ್ದ ಸ್ಟೆಪ್ನಿಯೂ ಪಂಚರು. ನಮ್ಮ ಓಣಿಯ ತುದಿಯ ದಾಲ್‌ಮಿಲ್ಲಿನ ಸಾವಕಾರರು ಅದೇ ದಾರಿಯಲ್ಲಿ ಜೀಪಿನಲ್ಲಿ ಬಂದರು. ಹತ್ತಿರಿ ಎಂದು ಕೈ ಮುಗಿದು ಕರೆದರು.

“ಮಂದಿ ಗಾಡ್ಯಾಗ ನಾ ಕೂಡಂಗಿಲ್ರಿ ಸಾವಕಾರ. ಸತ್ರೂ ಕೂಡಂಗಿಲ್ಲ” ಅಂದು ವಕೀಲರು ಕೊಡೆ ಬಿಚ್ಚಿ ನಡೆದೇ ಬಂದರು. ಸಾವಕಾರರು ಈ ಕಥೆಯನ್ನು ಊರೆಲ್ಲ ಹೇಳಿ ಹೊಗಳಿದರು. ಹೇಳದೆ ಬಿಟ್ಟದ್ದು ಒಂದೇ: ಕೊಡೆಯ ಹಿಂದೆ ಕಸ್ತೂರಿ ಬರಿಗಾಲಲ್ಲಿ ಆ ಗಾಲಿಯನ್ನು ಉರುಳಿಸುತ್ತ ಬರುತ್ತಿದ್ದಳು. ಮನೆ ತಲುಪಿದ ಮೇಲೆ ನಾನು ಅವಳ ಅಂಗಾಲಿಗೆ ಬೆಣ್ಣೆ ಹಚ್ಚಿದೆ. ಗುಳ್ಳೆಗಳೆದ್ದಿದ್ದವು.

ಕಸ್ತೂರಿ ವಯಸ್ಸಿಗೆ ಬಂದಾಗ ಕನ್ಯಾ ನೋಡಲು ಜನ ಬರತೊಡಗಿದರು. ಲಕ್ಷಣವಾದ ಹುಡುಗಿ, ಒಳ್ಳೆಯ ಮನೆತನ. ಅವಳಿಗೆ ಆ ಮನೆಯಿಂದ ಹೊರಗೆ ಹೋಗಲು ಇದ್ದದ್ದು ಇದೊಂದೇ ಬಾಗಿಲು, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗಂಡಿನವರು ಬಂದರೆಂದರೆ ಅವಳು ಬೆಳಗಿನಿಂದ ನಿಂಬೆಹಣ್ಣು ಹಚ್ಚಿ ಅಂಗೈ ತಿಕ್ಕುತ್ತಿದ್ದಳು. ಹಾರೆಯ ಕರಿ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ.

ಬಂದವರಿಗೆ ಸುಸಲಾ, ಭಜಿ, ಚಹಾ ಆಗುತ್ತಿತ್ತು. ಆಮೇಲೆ ವಕೀಲರು ಮೆತ್ತಗೆ ಅನ್ನುತ್ತಿದ್ದರು: “ತಮ್ಮಾ, ನಮ್ ಗಾಡಿದೊಂದು ಗಾಲಿ ಗಾಳಿ ಹೋಗಿ ಕುಂತದ. ತುಸು ಕೈ ಹಚ್ತೀರೇನು?” ಅದನ್ನು ಅವರು ‘ಇಮ್ತಿಹಾನ್’ ಎಂದು ಕರೆಯುತ್ತಿದ್ದರು. ಪರೀಕ್ಷೆ.

ಹೊಸ ಪ್ಯಾಂಟು ಹಾಕಿಕೊಂಡು ಬಂದ ಹುಡುಗ ಹಿರಿಯರ ಮಾತು ಮೀರುವುದು ಹೇಗೆ? ಚಿತ್ತಾಪುರದಿಂದ ಬಂದ ಒಬ್ಬ ಮಾಸ್ತರ ಹಾರೆಯನ್ನು ತಲೆಕೆಳಗು ಹಿಡಿದ. ಸಾಬೂನಿನ ನೀರಲ್ಲಿ ಕಾಲು ಜಾರಿ, ಬಿಳಿ ಅಂಗಿಯ ಸಮೇತ ಟೈರಿನ ಮೇಲೆ ಬಿದ್ದ. ಶಹಾಬಾದದ ಫರ್ಸಿ ಗುತ್ತೇದಾರರ ಮಗನೊಬ್ಬನ ಹೆಬ್ಬೆರಳು ಟೈರು ಮತ್ತು ಡಿಸ್ಕಿನ ನಡುವೆ ಸಿಕ್ಕಿ ಉಗುರು ಕಪ್ಪಾಯಿತು. ಅವನು ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದಾಗ ವಕೀಲರು ಅವನ ತಂದೆಯ ಕಡೆ ತಿರುಗಿದರು.

“ಹೆಂಡ್ತಿನ್ನ ಸಾಕತೀನಂತ ಬಂದಾನ ನಿಮ್ ಮಗ. ಒಂದ್ ಟೈರ್ ಬಿಚ್ಚಲಿಕ್ಕ ಬರಂಗಿಲ್ಲ.”

ಗಂಡಿನವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಗಾಣದ ಮೇಲೆ ಟೈರು ಅರ್ಧಂಬರ್ಧ ಎದ್ದು ಕೂತಿರುತ್ತಿತ್ತು. ಕಸ್ತೂರಿ ಒಳಗೆ ಹೋಗಿ ಇಳಕಲ್ ಸೀರೆ ಬಿಚ್ಚಿಟ್ಟು, ಹಳೆಯದು ಸುತ್ತಿಕೊಂಡು ಬಂದು, ಅದನ್ನು ಬಿಚ್ಚಿ ಮತ್ತೆ ಕೂಡಿಸುತ್ತಿದ್ದಳು. ತನ್ನನ್ನು ನೋಡಲು ಬಂದವರೆಲ್ಲ ಸೋತು ಬಿಟ್ಟುಹೋದ ಕೆಲಸ ಅವಳ ಪಾಲಿಗೆ. ಎಷ್ಟು ಗಂಡುಗಳು ಹಾಗೆ ಬಂದು ಹೋದರೋ ನಾನು ಲೆಕ್ಕವಿಟ್ಟಿಲ್ಲ.

ಒಬ್ಬ ಮಾತ್ರ ಸೋಲಲಿಲ್ಲ. ಚಿಂಚೋಳಿಯಲ್ಲಿ ರಸ್ತೆ ಕೆಲಸದ ಓವರ್‌ಸೀಯರನಾಗಿದ್ದ, ಸ್ವಂತ ಊರು ಕೊಡ್ಲಿ ಎಂಬ ಹಳ್ಳಿ. ಕಪ್ಪಗೆ, ಗಟ್ಟಿಮುಟ್ಟಾಗಿ, ನಗುಮುಖದವನು. ವಕೀಲರು ಗಾಲಿಯ ಮಾತು ತೆಗೆದ ಕೂಡಲೇ ತೋಳು ಮಡಚಿ ಎದ್ದ. ಕಸ್ತೂರಿ ಬಾಗಿಲ ಹತ್ತಿರ ತಾಟು ಹಿಡಿದು ನಿಂತಿದ್ದಳು. ಅವನು ನೇರ ಅವಳನ್ನೇ ಕೇಳಿದ: “ಸಾಬೂನಿನ ನೀರು ಇಲ್ಲೇ ಇಡ್ರಿ.”

ಅವಳು ಬೋಗುಣಿ ತಂದಿಟ್ಟಳು. ಅವನು ಹಾರೆ ತೂರಿಸುವ ಮೊದಲು ಮೆಲ್ಲಗೆ ಅಂದಳು: “ಆ ಕಡಿಂದ ಹಾಕ್ರಿ. ಇಲ್ಲಿ ಡಿಸ್ಕ್ ತುಸು ಬಾಗ್ಯಾದ.”

ಅವನು ಅವಳ ಮುಖ ನೋಡಿದ. ಆ ಕಡೆಯಿಂದಲೇ ಹಾಕಿದ. ಸಲೀಸಾಗಿ ಸುತ್ತು ಬಂದ, ಟೈರು ಎದ್ದು ಕೈಗೆ ಬಂತು. ಅವರಿಬ್ಬರು ಈ ಜನ್ಮದಲ್ಲಿ ಆಡಿದ ಮಾತು ಇಷ್ಟೇ. ನಾನು ಕಿಟಕಿಯಲ್ಲಿ ನಿಂತಿದ್ದೆ. ಕಸ್ತೂರಿ ನಕ್ಕದ್ದನ್ನು ಆವತ್ತು ನೋಡಿದೆ.

ವಕೀಲರೂ ನೋಡಿದರು.

“ಛಲೋ ಮಾಡ್ದಿ. ಎಲ್ಲಿ ಕಲ್ತಿ?”

“ನಮ್ ಸೋದರಮಾವಂದು ಲಾರಿ ಇತ್ರಿ. ಸಣ್ಣಂವಿದ್ದಾಗಿಂದ ರೂಢಿ.”

“ಹಂಗಾರ ಮೆಕಾನಿಕ್ ಅನ್ನು” ಅಂದರು ವಕೀಲರು. ದನಿ ಅಷ್ಟೇ ಮೆತ್ತಗೆ. “ಮೆಕಾನಿಕ್ಕಿಗೆ ಮಗಳ್ನ ಕೊಡೋದಿದ್ರ ಬಸ್‌ಸ್ಟ್ಯಾಂಡಿನಾಗೇ ಭಾಳ ಮಂದಿ ಅದಾರ. ಚಿಂಚೋಳಿ ತನಕ ಯಾಕ ಹೋಗ್ಲಿ ನಾ? ಏಳು, ಹೊರಗ ನಳ ಅದ, ಅಲ್ಲಿ ಕೈ ತೊಳ್ಕೋ.”

ಆ ನಳ ಆಳುಮಕ್ಕಳದು. ಸೋತವರನ್ನೆಲ್ಲ ಒಳಗಿನ ಬಚ್ಚಲಲ್ಲೇ ಕೈ ತೊಳೆಯಲು ಬಿಟ್ಟಿದ್ದರು. ಅವನು ಕೈ ತೊಳೆಯದೆಯೇ, ಕರಿ ಕೈಯಲ್ಲೇ ವಕೀಲರಿಗೆ ನಮಸ್ಕಾರ ಮಾಡಿ ಹೋದ. ಅವನ ತಾಯಿ ತಂದಿದ್ದ ಹೂವಿನ ಪೊಟ್ಟಣ ಪಡಸಾಲೆಯಲ್ಲೇ ಉಳಿಯಿತು.

ಆ ಸಂಜೆ ಕಸ್ತೂರಿ ಒಂದು ಮಾತು ಹೇಳಿದಳು. ಅಪ್ಪನೆದುರು ಅವಳು ತನಗಾಗಿ ಬಾಯಿ ತೆರೆದದ್ದು ನಾನು ಬಲ್ಲಂತೆ ಅದೊಂದೇ ಸಲ.

“ಅಪ್ಪಾ, ನನಗ ಅವರು ಅಡ್ಡಿಲ್ಲ.”

ವಕೀಲರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಟೈರ್ ಬಿಚ್ಚಿ ಹಂಗೇ ಬಿಟ್ಟು ಹೋಗ್ಯಾನ. ಹೋಗಿ ಕೂಡ್ಸು.”

ಅವಳು ಹೋಗಿ ಕೂಡಿಸಿದಳು.

ಮರುದಿನ ಕೋರ್ಟಿಗೆ ಹೊರಟವರನ್ನು ತಡೆದು ಕೇಳಿದೆ, ಆ ಹುಡುಗನಲ್ಲಿ ಏನು ಕೊರತೆಯಿತ್ತು ಎಂದು. ಅವರಿಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೆ ಗಣಿತ ಬಿಡಿಸಿ ಹೇಳುವವರ ಹಾಗೆ ಹೇಳಿದರು.

“ಅಕ್ಕೋರೆ, ನೀವು ಓದಿದೋರು. ಮಗಳ್ನ ಕೊಟ್ಟು ಕಳಸಿದ್ರ ನನ್ ಗಾಡಿ ಯಾರು ನೋಡ್ತಾರ್ರಿ?”

ತಮಾಷೆಗೆ ಹೇಳಿದ್ದಲ್ಲ. ಗೋಡೆಯ ಆಚೆ ಕಸ್ತೂರಿ ಬಟ್ಟೆ ಒಣಹಾಕುತ್ತಿದ್ದಳು, ಈ ಮಾತು ಅವಳಿಗೂ ಕೇಳಿಸಿತು. ಹಾಗಾದರೆ ಬಂದವರು ಸೋತರೂ ಗೆದ್ದರೂ ಒಂದೇ ಆಗಿತ್ತು. ಆ ದಿನದಿಂದ ಅವಳು ನಿಂಬೆಹಣ್ಣು ಹಚ್ಚುವುದನ್ನು ಬಿಟ್ಟಳು. ಬರಬರುತ್ತ ಜನ ಬರುವುದೂ ನಿಂತಿತು. ಆ ಓವರ್‌ಸೀಯರ ಬೀದರದ ಕಡೆ ಮದುವೆಯಾದನೆಂದು ನನ್ನ ಶಾಲೆಯ ಜವಾನನಿಂದ ತಿಳಿಯಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು, ಕಸ್ತೂರಿಯ ಬೈತಲೆಯಲ್ಲಿ ಬಿಳಿ ಕೂದಲು ಬಂತು, ಕಾರಿಗೆ ಮತ್ತೆ ಮತ್ತೆ ಹೊಸ ಟೈರುಗಳು ಬಂದವು.

ವಕೀಲರ ಕೊನೆಯ ದಿನ ಬೇಸಿಗೆಯ ಒಂದು ಬೆಳಿಗ್ಗೆ. ಚಹಾ ಕುಡಿಯುತ್ತಿದ್ದಂತೆ ಬಾಯಿ ಒಂದು ಕಡೆ ಎಳೆಯಿತು, ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಕಸ್ತೂರಿ ನನ್ನನ್ನು ಕೂಗಿದಳು. ನಾವಿಬ್ಬರೂ ಸೇರಿ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿಸಿದೆವು. ಡಾಕ್ಟರು ಸೈಕಲ್ಲಿನಲ್ಲಿ ಬಂದು ನೋಡಿದರು.

“ಪಾರ್ಶ್ವವಾಯು. ಗುಲ್ಬರ್ಗಾಕ್ಕ ಒಯ್ರಿ, ಈಗಿಂದೀಗ. ತಡಾ ಆದ್ರ ಉಳಿಯಂಗಿಲ್ಲ” ಅಂದು ಸೈಕಲ್ ಹತ್ತಿ ಹೋದರು.

ಕಾರಿನ ಹಿಂದಿನ ಗಾಲಿ ಕೂತಿತ್ತು. ಸ್ಟೆಪ್ನಿಯೂ ಕೂತಿತ್ತು. ದಾಲ್‌ಮಿಲ್ಲಿನ ಸಾವಕಾರರ ಜೀಪು ಓಣಿಯ ತುದಿಯಲ್ಲಿ ನಿಂತದ್ದು ನಮಗೆಲ್ಲ ಕಾಣುತ್ತಿತ್ತು. ನಾನು ಕರೆಯಲು ಹೊರಟೆ. ಕಸ್ತೂರಿ ನನ್ನ ಕೈ ಹಿಡಿದಳು.

“ಬ್ಯಾಡ್ರಿ ಅಕ್ಕೋರೆ. ಅಪ್ಪಗ ಮಂದಿ ಗಾಡಿ ನಡಿಯಂಗಿಲ್ಲ. ಊರಿಗೆಲ್ಲ ಗೊತ್ತದ.”

ಅಷ್ಟರಲ್ಲಿ ಸುದ್ದಿ ತಿಳಿದು ಸಾವಕಾರರು ತಾವೇ ಓಡಿ ಬಂದರು. “ಕಸ್ತೂರವ್ವ, ಜೀಪ್ ತರ್ಲೇನು?” ಎಂದು ಕೇಳಿದರು. ಹೊರಸಿನ ಮೇಲಿಂದ ವಕೀಲರ ಎಡಗೈ ಮೇಲೆದ್ದಿತು. ಅದು ಬಾಗಿಲ ಕಡೆ, ಜೀಪಿನ ಕಡೆ ಅಲ್ಲಾಡುತ್ತಿತ್ತು. ತನ್ನಿ, ತನ್ನಿ ಎನ್ನುತ್ತಿತ್ತು ಆ ಕೈ. ಕಸ್ತೂರಿ ಕೈ ಮುಗಿದಳು.

“ನೋಡ್ರಿ ಸಾವಕಾರ್ರೇ, ಬ್ಯಾಡಂತಾರ. ಕೈ ಅಲ್ಲಾಡ್ಸಾಕತ್ತಾರ.”

“ಇಲ್ರಿ, ಜೀಪು ಬೇಕಂತಾರ ಅವರು” ಎಂದು ನಾನು ಅಂದೆ.

ಸಾವಕಾರರು ನನ್ನ ಕಡೆ ಕನಿಕರದಿಂದ ನೋಡಿದರು. “ನಿಮಗ ತಿಳಿಯಂಗಿಲ್ರಿ ಅಕ್ಕೋರೆ. ಚಿತ್ತಾಪುರ ರಸ್ತಾದಾಗ ಕಣ್ಣಾರೆ ನೋಡೀನಿ ನಾ. ಸತ್ರೂ ಮಂದಿ ಗಾಡ್ಯಾಗ ಕೂಡೋರಲ್ಲ. ಇಂಥಾ ಹೊತ್ತಿನಾಗ ಅವರ ಖುದ್ದಾರಿ ಕಳೀಬಾರದು.” ಅವರ ಕಣ್ಣು ತುಂಬಿ ಬಂದವು. ಕಾರು ನಡೆಸಲು ತಮ್ಮ ಡ್ರೈವರನನ್ನು ಕಳಿಸುತ್ತೇನೆ ಎಂದು ಹೇಳಿ, ಹೊರಸಿಗೆ ನಮಸ್ಕಾರ ಮಾಡಿ ಹೋದರು. ನಾನು ಒಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಕಸ್ತೂರಿ ಸೆರಗು ಸಿಗಿಸಿ ಗಾಲಿ ಬಿಚ್ಚಿ ತಂದು ಗಾಣದ ಮೇಲೆ ಮಲಗಿಸಿದಳು. ಹೊರಸು ಗಾಣಕ್ಕೆ ಎದುರಾಗಿಯೇ ಇತ್ತು. ಅಂಚು ಒತ್ತಿದಳು, ಸಾಬೂನಿನ ನೀರು ಸವರಿದಳು, ಹಾರೆ ತೂರಿಸಿ ನಿಧಾನವಾಗಿ ಸುತ್ತು ಬಂದಳು. ಟ್ಯೂಬು ತೆಗೆದು ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಅದ್ದಿ ನೋಡಿದಳು. ತೂತು ಸಿಕ್ಕ ಮೇಲೂ ಉಳಿದ ಸುತ್ತನ್ನೆಲ್ಲ ಅದ್ದಿ ನೋಡಿದಳು. ತೂತಿನ ಸುತ್ತ ಅರ ಹಾಕಿ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಕೈ ಕಟ್ಟಿಕೊಂಡು ಕೂತಳು. ತೇಪೆ ಹಚ್ಚಿದ ಮೇಲೆ ತಂತಿ ಬ್ರಶ್ಶು ತಂದು ಡಿಸ್ಕಿನ ತುಕ್ಕು ತಿಕ್ಕತೊಡಗಿದಳು. ಪೌಡರಿನ ಡಬ್ಬಿ ತರಲು ಒಳಗೆ ಹೋದಳು. ಅಪ್ಪ ಕಲಿಸಿದ ಒಂದು ಪಾಠವನ್ನೂ ಬಿಡಲಿಲ್ಲ. ಕೂಡಿದ್ದ ಓಣಿಯ ಹೆಂಗಸರು, ಎಂಥಾ ಮಗಳು ನೋಡು, ಎಂದು ಕಣ್ಣೊರೆಸಿಕೊಂಡರು. ಡ್ರೈವರ ಕೈ ಹಚ್ಚಲು ಬಂದರೆ, ಹೊರಗಿನವರು ಗಾಲಿ ಮುಟ್ಟೋದು ಅಪ್ಪಗ ಆಗಂಗಿಲ್ಲ ಎಂದು ಹಿಂದೆ ಕಳಿಸಿದಳು.

ಹೊರಸಿನ ಮೇಲೆ ಆ ಎಡಗೈ ಮೊದಲು ಅಲ್ಲಾಡಿತು, ಆಮೇಲೆ ಹೊರಸಿನ ಕಟ್ಟನ್ನು ಬಡಿಯಿತು, ಆಮೇಲೆ ಬರೀ ಬೆರಳುಗಳು ಅಲ್ಲಾಡಿದವು. ಗಂಟಲಿಂದ ಏನೋ ಸದ್ದು ಬರುತ್ತಿತ್ತು. ನನಗೂ ಒಂದು ಕ್ಷಣ ತಡೆಯಲಾಗಲಿಲ್ಲ. ಅವಳ ಹತ್ತಿರ ಹೋಗಿ ಬಗ್ಗಿ ಅಂದೆ: “ಜಲ್ದಿ ಮಾಡವ್ವಾ ಕಸ್ತೂರಿ.”

ಅವಳು ತಲೆ ಎತ್ತಲಿಲ್ಲ. ಆದರೆ ಹೊರಸಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಅವಸರ ಮಾಡಿದ್ರ ಟ್ಯೂಬ್ ಕಚ್ಚತದ್ರಿ, ಅಕ್ಕೋರೆ.”

ನಾನು ವಕೀಲರ ಮುಖ ನೋಡಿದೆ. ಬುದ್ಧಿವಂತ ಮನುಷ್ಯ. ಎಲ್ಲ ತಿಳಿಯಿತು ಅವರಿಗೆ. ಬೆರಳು ಅಲ್ಲಾಡಿಸುವುದನ್ನು ನಿಲ್ಲಿಸಿದರು.

ಕಾರು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಳಖೇಡದ ಸೇತುವೆ ದಾಟುವುದರೊಳಗೆ ಜೀವ ಹೋಯಿತು. ಹೋದ ದಾರಿಯಲ್ಲೇ ತಿರುಗಿ ಬಂದರು. ಹೆಣವನ್ನೂ ತಮ್ಮ ಸ್ವಂತ ಗಾಡಿಯಲ್ಲೇ ತಂದರೆಂದು ಊರು ಬಾಯಿ ತುಂಬ ಹೊಗಳಿತು. ಸಾವಕಾರರು ಕಟ್ಟೆಯ ಮೇಲೆ ನಿಂತು ಬಂದವರಿಗೆಲ್ಲ, ಜೀಪು ಬೇಡವೆಂದು ಕೈ ಅಲ್ಲಾಡಿಸಿದ ಕಥೆ ಹೇಳಿದರು. ಬಾರ್ ರೂಮಿನ ಹುಡುಗರು ತಂದ ಸಾಲು ಹುಟ್ಟಿದ್ದು ಆವತ್ತೇ. ತಮ್ಮಂದಿರಾ, ಅದರಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಅದು ಸುಳ್ಳಲ್ಲ, ಅವರು ಸತ್ತದ್ದೇ ಅದರಿಂದ.

ಜನ ತುಂಬಿದ್ದ ಮನೆಯಲ್ಲಿ ಕಸ್ತೂರಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹೊರಗಿನ ನಳದ ಹತ್ತಿರ ಕೂತು ಕೈ ತೊಳೆಯುತ್ತಿದ್ದಳು. ಒಳಗೆ ಬಚ್ಚಲಿತ್ತು, ಬಿಸಿನೀರಿತ್ತು, ಇನ್ನು ಬೇಡವೆನ್ನುವವರೂ ಇರಲಿಲ್ಲ. ಆದರೂ ಅಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತೆ. ನೀರಿಗೆ ಕೈ ಒಡ್ಡಿಕೊಂಡೇ ಕೇಳಿದಳು.

“ಅಕ್ಕೋರೆ, ಆ ಚಿಂಚೋಳಿಯವರಿಗೆ ಮಕ್ಕಳದಾವಂತೇನ್ರಿ?”

“ಅದಾವಂತವ್ವಾ. ಹಿರೇಮಗಳ ಲಗ್ನಾನೂ ಆಯ್ತಂತ.”

ಅವಳು ಅಂಗೈ ತಿರುಗಿಸಿ ನೋಡಿಕೊಂಡಳು. ಕರಿ ಹೋಗಿರಲಿಲ್ಲ. ನಳ ನಿಲ್ಲಿಸಿ, ಎದ್ದು, ಹಾಗೆಯೇ ಒಳಗೆ ಹೋಗಿ ಅಪ್ಪನ ತಲೆಯ ಹತ್ತಿರ ಕೂತಳು.